ಎರಡು ಮೊಳದ ಮಣೆ

ನಾನು ಬಡಗಿ, ಹೆಸರು ಮಾದೋಜ. ನಮ್ಮೂರಿನ ಬಾಗಿಲುಗಳಲ್ಲಿ ಅರ್ಧಕ್ಕರ್ಧ ನಮ್ಮಪ್ಪ ಮಾಡಿದ್ದು, ಉಳಿದದ್ದು ನಾನು ಮಾಡಿದ್ದು. ಆದರೂ ಅವು ಎಷ್ಟೆತ್ತರ ಅಂತ ನೀವು ಕೇಳಿದರೆ ನಾನು ಹೇಳಲಾರೆ. ಐದು ಮೊಳ ಅನ್ನಬಹುದು, ಅಷ್ಟೆ. ಆ ಮೊಳ ಎಷ್ಟುದ್ದ ಅನ್ನುವುದನ್ನು ಚಕ್ರವರ್ತಿಗಳೇ ಬಲ್ಲರು. ಅವರ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಎಷ್ಟೋ, ಅಷ್ಟು ಒಂದು ಮೊಳ. ಊರ ಚಾವಡಿಯ ಕಟ್ಟೆಗಲ್ಲಿನ ಮೇಲೆ ಎರಡು ಗೀರುಗಳಿವೆ. ಅವುಗಳ ನಡುವಿನ ದೂರಕ್ಕೆ ಸರಿಯಾಗಿ ಕೋಲು ಕತ್ತರಿಸಿಕೊಳ್ಳಬೇಕು, ಆ ಕೋಲಿನಲ್ಲೇ ಬಾಗಿಲು, ಮಂಚ, ಸೀರೆ, ಬೀದಿ, ಹೊಲ ಎಲ್ಲ ಅಳೆಯಬೇಕು. ರಾಜಧಾನಿ ನಮ್ಮೂರಿನಿಂದ ನಲವತ್ತು ದಿನದ ದಾರಿ. ಚಕ್ರವರ್ತಿಗಳನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇಲ್ಲ, ನಮ್ಮಕ್ಕ ಬಾಚವ್ವ ಒಬ್ಬಳನ್ನು ಬಿಟ್ಟು.

ನಾನು ಹುಟ್ಟಿದ್ದು ದೊಡ್ಡ ಚಕ್ರವರ್ತಿಗಳ ಕಾಲದಲ್ಲಿ. ಅವರೆಂಥ ಆಳಿರಬೇಕು ನೋಡಿ, ನಮ್ಮ ಮನೆಯ ತಲೆಬಾಗಿಲಲ್ಲಿ ಹುಲ್ಲಿನ ಗಾಡಿ ಹೊರೆ ಸಮೇತ ಒಳಗೆ ಬರುತ್ತಿತ್ತು. ಮೇಲಿನ ಅಗುಳಿ ಹಾಕಬೇಕೆಂದರೆ ಅಪ್ಪ ಏಣಿ ಹತ್ತುತ್ತಿದ್ದ. ನಾವೆಲ್ಲ ಆ ಮನೆಗಳಲ್ಲಿ ಇಲಿಗಳ ಹಾಗೆ ಓಡಾಡಿಕೊಂಡಿದ್ದೆವು. ಅದೇನೂ ನಮಗೆ ಕಷ್ಟವೆನಿಸಿರಲಿಲ್ಲ. ಲೋಕ ಇರುವುದೇ ಹೀಗೆ, ಮನುಷ್ಯ ಇರುವುದೇ ಇಷ್ಟು ಅಂದುಕೊಂಡಿದ್ದೆವು.

ಅವರು ತೀರಿಕೊಂಡ ದಿನ ಬೆಳಗ್ಗೆ ನಾನು ಹಿತ್ತಲಲ್ಲಿ ಬೇವಿನಕಡ್ಡಿ ಅಗಿಯುತ್ತ ನಿಂತಿದ್ದೆ. ಊರಿನ ಅಷ್ಟೂ ಮರ, ಅಷ್ಟೂ ಕಲ್ಲು ಒಟ್ಟಿಗೆ ಕಿರ್ ಅಂದಿತು. ತಿರುಗಿ ನೋಡಿದರೆ ಬಾಗಿಲು ಇಳಿಯುತ್ತಿದೆ. ಗೋಡೆಗಳು ಸದ್ದಿಲ್ಲದೆ ಒಂದರ ಹತ್ತಿರ ಒಂದು ಬರುತ್ತಿವೆ. ಒಳಗೆ ಮಂಚದಲ್ಲಿದ್ದ ಅಪ್ಪನ ಕಾಲು ಮಂಡಿಯವರೆಗೆ ಆಚೆ ಬಂತು. ಊರಗೌಡ ಕೇತಪ್ಪ ಚಾವಡಿಯ ಮುಂದೆ ನಿಂತು ತಳವಾರನನ್ನು ಬೈಯುತ್ತಿದ್ದನಂತೆ. ಬೈದು ಮುಗಿಸುವಷ್ಟರಲ್ಲಿ ಅವನ ಪಂಚೆ ಮೊಣಕಾಲಿನಿಂದ ಮೇಲೆ ಹೋಗಿತ್ತು. ಬೇರೆ ದಿನವಾಗಿದ್ದರೆ ಊರು ಬಿದ್ದು ಬಿದ್ದು ನಗುತ್ತಿತ್ತು, ಅವತ್ತು ಒಬ್ಬರೂ ನಗಲಿಲ್ಲ. ಬೀದಿ ಕಿರಿದಾಗಿ ಎದುರುಬದುರು ಮನೆಯವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದಿದ್ದರು. ಹೊರಗೆ ಹೊಲಗಳೆಲ್ಲ ಕುಗ್ಗಿ, ಒಂದು ಹೊಲಕ್ಕೂ ಇನ್ನೊಂದಕ್ಕೂ ನಡುವೆ ಯಾರದ್ದೂ ಅಲ್ಲದ ಮಣ್ಣು ಉಳಿದಿತ್ತು.

ಕೇತಪ್ಪ ಕಟ್ಟೆಗಲ್ಲಿನ ಮುಂದೆ ಕೂತು ಎರಡು ಗೀರುಗಳ ನಡುವೆ ತನ್ನ ಕೈ ಇಟ್ಟು ನೋಡಿದ. ಆ ದೂರ ಅವನ ಮೊಣಕೈಯಿಂದ ಮಣಿಕಟ್ಟಿನವರೆಗೂ ಬರಲಿಲ್ಲ. "ದೊಡ್ಡ ದೊರೆಗಳು ಹೋದರು. ಮಗು ಪಟ್ಟಕ್ಕೆ ಕೂತಿದೆ," ಅಂದ. ಊರಿಗೆ ಊರೇ ನೆಲ ಮುಟ್ಟಿ ನಮಸ್ಕಾರ ಮಾಡಿತು. ನಲವತ್ತು ದಿನದ ದಾರಿಯಾಚೆ ಒಂದು ಮಗು ಸಿಂಹಾಸನದ ತೋಳಿನ ಮೇಲೆ ತನ್ನ ತೋಳಿಟ್ಟಿತ್ತು, ಇಲ್ಲಿ ನಮ್ಮ ಹಟ್ಟಿಯ ಕೊಟ್ಟಿಗೆ ಅದಕ್ಕೆ ತಲೆಬಾಗಿತ್ತು. ನನ್ನ ಮೈ ಜುಂ ಅಂದದ್ದು ಈಗಲೂ ನೆನಪಿದೆ. ಸಾವಿನ ಸುದ್ದಿ ಹೊತ್ತ ಓಲೆಕಾರ ಬಂದಾಗ ನಾವು ಸೂತಕ ಕಳೆದು ತಿಂಗಳಾಗಿತ್ತು.

ಇನ್ನು ಅಕ್ಕನ ವಿಷಯ. ಅದಕ್ಕೂ ಆರು ವರ್ಷದ ಹಿಂದೆ ದೊಡ್ಡ ಚಕ್ರವರ್ತಿಗಳು ದಂಡಯಾತ್ರೆ ಹೊರಟಿದ್ದಾಗ, ಮಹಾರಾಣಿಯವರಿಗೆ ಬೀಡಿನಲ್ಲೇ ಹೆರಿಗೆಯಾಯಿತು, ನಮ್ಮೂರಿನಿಂದ ಒಂದು ದಿನದ ದಾರಿಯಲ್ಲಿ. ತಾಯಿ ಉಳಿಯಲಿಲ್ಲ, ಮಗು ಉಳಿಯಿತು. ಹಾಲಿರುವ ಹೆಂಗಸನ್ನು ಹುಡುಕಿಕೊಂಡು ಕುದುರೆಯವರು ಬಂದರು. ಅಕ್ಕನ ಗಂಡ ಆ ವರ್ಷವೇ ಹೋಗಿದ್ದ, ಹೆತ್ತ ಮಗು ಮೂರು ದಿನ ಇದ್ದು ಹೋಗಿತ್ತು. ಅವಳ ರವಿಕೆ ಒದ್ದೆಯಾಗಿದ್ದನ್ನು ನೋಡಿ ಪಲ್ಲಕ್ಕಿಯಲ್ಲಿ ಕೂರಿಸಿಕೊಂಡು ಹೋದರು. ಬರುತ್ತೀಯಾ ಅಂತ ಕೇಳಲಿಲ್ಲ. ದೊಡ್ಡವರ ಮನೆಯವರು ಕೇಳುವುದುಂಟೇ.

ಹುಡುಗನಿಗೆ ಪಟ್ಟವಾದ ಮರುದಿನವೇ ಅವಳನ್ನು ವಾಪಸು ಕಳಿಸಿದರು. ಸಿಂಹಾಸನ ಏರಿದವನು ಯಾರ ಮುಂದೆಯೂ ತಲೆ ತಗ್ಗಿಸಬಾರದು, ಆದ್ದರಿಂದ ಅವನಿಗೆ ತಾಯಿ ಇರಬಾರದು ಅನ್ನುವುದು ಅರಮನೆಯ ಕಟ್ಟಳೆ. ಮುಂದೆ ಅವಳು ರಾಜಧಾನಿಯ ಹೊಳೆ ದಾಟುವಂತಿಲ್ಲ, ಅವನಿಗೆ ಮಾತು ಕಳಿಸುವಂತಿಲ್ಲ. ಒಂದು ಗಂಟು, ಕಂಕುಳಲ್ಲೊಂದು ಮಣೆ ಹಿಡಿದುಕೊಂಡು ಅಕ್ಕ ಬಂದು ನಮ್ಮ ಬಾಗಿಲಲ್ಲಿ ನಿಂತಳು.

"ಬಗ್ಗಿ ಬಾ ಅಕ್ಕ, ಹಣೆ ಬಡಿದೀತು," ಅಂದೆ.

ಅವಳು ಬಗ್ಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲಿನ ಮರವನ್ನು ಎರಡೂ ಕೈಯಿಂದ ಸವರಿದಳು. "ಇಷ್ಟೇ ಇಷ್ಟು ಕೈ ಕಣೋ ಅವನದು. ಇದೇ ಕೈ," ಅಂದಳು. ಅಲ್ಲಿಯೇ ಹೊಸ್ತಿಲಲ್ಲಿ ಕೂತು ಅತ್ತಳು. ನಾನು ಗಂಟು ಒಳಗಿಟ್ಟೆ.

ಆ ಮಣೆಯ ಕತೆ ಅವಳು ಆಮೇಲೆ ಹೇಳಿದಳು. ಅರಮನೆಯಲ್ಲಿ ರಾಜಕುಮಾರ ಉಣ್ಣುವಾಗ ಹಾಲುತಾಯಿ ಬರಿ ನೆಲದ ಮೇಲೆ ಕೂರಬೇಕು. ಐದು ವರ್ಷದ ಹುಡುಗ ಒಂದು ದಿನ ಹಟ ಹಿಡಿದ, ನೀನೂ ಮಣೆ ಹಾಕಿಕೋ ಅಂತ. ಹಾಲುತಾಯಿಗೆ ಮಣೆ ಕೊಡುವ ಪದ್ಧತಿ ಇಲ್ಲ ಅಂದರು. ಅವನು ಬಡಗಿಯ ಹತ್ತಿರ ತಾನೇ ಹೋಗಿ ಹಲಸಿನ ಹಲಗೆ ಹುಡುಕಿ, ಅದರ ಮೇಲೆ ತನ್ನ ತೋಳಿಟ್ಟು ಇದ್ದಲಿನಿಂದ ಗೆರೆ ಎಳೆದನಂತೆ. ಒಂದು ಮೊಳ ನಿನಗೆ, ಅಂದನಂತೆ ಅಕ್ಕನಿಗೆ. ತೋಳು ಮುಂದಕ್ಕಿಟ್ಟು ಇನ್ನೊಂದು ಗೆರೆ ಎಳೆದನಂತೆ. ಒಂದು ಮೊಳ ನನಗೆ. ಅಲ್ಲಿಗೆ ಕತ್ತರಿಸು ಅಂದನಂತೆ ಬಡಗಿಗೆ. ಎರಡು ಮೊಳದ ಮಣೆ ಅಂತ ಹೆಸರಿಗೆ. ಅದರ ಮೇಲೆ ನಮ್ಮಕ್ಕ ಒಬ್ಬಳು ಕೂತರೇ ಹಲಗೆ ಕಾಣುತ್ತಿರಲಿಲ್ಲ. ನಾನು ಅದನ್ನೇ ಹೇಳಿ ರೇಗಿಸಿದರೆ, "ನೀನು ಉಣ್ಣು, ನನ್ನ ಸೊಂಟ ಅಳೀಬೇಡ," ಅನ್ನುತ್ತಿದ್ದಳು.

ಮೊದಲ ವರ್ಷ ಊರೆಲ್ಲ ಬಗ್ಗಿ ನಡೆಯುವುದನ್ನು ಕಲಿಯಿತು. ಕೇತಪ್ಪನಂಥ ಕೇತಪ್ಪನೂ ಸ್ವಂತ ಮನೆಗೆ ನಡು ಬಗ್ಗಿಸಿಯೇ ಹೋದ. ಎರಡು ಸೀರೆ ಹೊಲಿದು ಒಂದು ಉಟ್ಟರು. ಮಂಚದ ತುದಿಗೆ ನಾನು ಮೋಟು ಬೆಂಚು ಮಾಡಿಕೊಟ್ಟೆ, ಕಾಲಿಡುವುದಕ್ಕೆ. ಯಾರದ್ದೂ ಅಲ್ಲದ ಮಣ್ಣಿನಲ್ಲಿ ಹುಲ್ಲು ಎದ್ದಿತು, ಆಡುಗಳು ಕೊಬ್ಬಿದವು. ಯುಗಾದಿಯ ಹೊತ್ತಿಗೆ ಅಕ್ಕ ಹೊಸ್ತಿಲಲ್ಲಿ ನಿಂತು, ಬಾಗಿಲ ಮೇಲುಮರ ತನ್ನ ಹಣೆಗೆ ಎಷ್ಟು ಬೆರಳು ಕೆಳಗಿದೆ ಅಂತ ನೋಡಿದಳು. ಹಿಂದೆ ಐದು ಬೆರಳಿತ್ತು, ಈಗ ಎರಡೇ ಬೆರಳು. "ಬೆಳೆದವನೆ ಕಣೋ," ಅಂದಳು. ಅವಳ ಮುಖದಲ್ಲಿ ಆ ಬೆಳಕು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಅವನ ಕೈ ಒಂದು ಅಕ್ಕಿಕಾಳಿನಷ್ಟು ಬೆಳೆದರೆ ನಮ್ಮ ಬಾಗಿಲು ಐದು ಕಾಳು ಬೆಳೆಯುತ್ತಿತ್ತು.

ಅಲ್ಲಿಂದ ಊರಿಗೇ ಅದೊಂದು ಹಬ್ಬವಾಯಿತು. ಯುಗಾದಿಯ ಬೆಳಗ್ಗೆ ಎಲ್ಲರೂ ಮಿಂದು ತಮ್ಮ ತಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ದೊಡ್ಡ ಚಕ್ರವರ್ತಿಗಳ ಹೆಸರೆತ್ತಲು ಹೆದರುತ್ತಿದ್ದ ಜನ ಇವನನ್ನು 'ನಮ್ಮ ಹುಡುಗ' ಅನ್ನತೊಡಗಿದರು. ಮುದುಕಿಯರು ಬಾಗಿಲಿಗೆ ದೃಷ್ಟಿ ತೆಗೆದರು. ಮೂರನೇ ವರ್ಷ ಅಕ್ಕ ತಲೆ ಬಗ್ಗಿಸದೆ ಒಳಗೆ ಬಂದಳು, ಮೇಲುಮರ ಅವಳ ಬೈತಲೆಯನ್ನು ಸವರಿತು ಅಷ್ಟೆ. ಅವತ್ತು ಇಡೀ ಬೀದಿಗೆ ಬೆಲ್ಲ ಹಂಚಿದಳು. ಅವಳ ಹತ್ತಿರ ಒಂದು ನೂಲಿನ ದಾರವೂ ಇತ್ತು. ಅರಮನೆ ಬಿಟ್ಟ ದಿನ ಮಣೆಯ ಉದ್ದಕ್ಕೆ ಹಿಡಿದು ಗಂಟು ಹಾಕಿದ್ದು. ವರ್ಷಕ್ಕೊಂದು ಸಲ ಅದನ್ನು ಮಣೆಯ ಮೇಲೆ ಎಳೆದು, ಹಳೆಯ ಗಂಟಿನಾಚೆ ಹೊಸ ಗಂಟು ಹಾಕುವಳು. ಮಣೆ ಬಾಗಿಲ ಜೊತೆಜೊತೆಗೇ ಬೆಳೆಯುತ್ತಿತ್ತು, ಹಾಗಾಗಿ ನಾನು ಅದರ ಕಡೆ ಗಮನ ಕೊಡಲಿಲ್ಲ. ದೊರೆಮೊಳದ ಮಣೆ ದೊರೆಯ ಜೊತೆ ಬೆಳೆಯದೆ ಇನ್ನೇನು ಅಂದುಕೊಂಡೆ.

ಏಳನೇ ಯುಗಾದಿಗೆ ಬಾಗಿಲು ಬೆಳೆಯಲಿಲ್ಲ.

ಹುಡುಗನಿಗೆ ಆಗ ಹದಿಮೂರು. ಆ ವಯಸ್ಸಿನಲ್ಲಿ ಗಂಡುಮಕ್ಕಳು ಬಿದಿರಿನ ಹಾಗೆ ಏಳಬೇಕು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ವರ್ಷ ಊರಿಗೆ ಬಂದ ಬಳೆಗಾರ ಒಂದು ಮಾತು ಹೇಳಿದ್ದ, ರಾಜ್ಯಭಾರವೆಲ್ಲ ಚಿಕ್ಕಪ್ಪನದಂತೆ, ಹುಡುಗನನ್ನು ಯಾರೂ ನೋಡಿಲ್ಲವಂತೆ ಅಂತ. ಅಕ್ಕ ಹಬ್ಬಕ್ಕೆ ಹೋಳಿಗೆ ಮಾಡಿದ್ದಳು, ತಾನು ಮುಟ್ಟಲಿಲ್ಲ. "ಅವನಿಗೆ ಅನ್ನ ಸರಿಯಾಗಿ ಹಾಕ್ತಿಲ್ಲ," ಅಂದಳು. ಆಮೇಲೆ ದಿನಾ ಬೆಳಗ್ಗೆ ಹೊಸ್ತಿಲಲ್ಲಿ ನಿಂತು ನೆತ್ತಿಯ ಮೇಲೆ ಬೆರಳಿಟ್ಟು ಎಣಿಸುವಳು. ಒಂದು ಗೇಣು. ಮರುದಿನವೂ ಅದೇ ಗೇಣು. ಅವಳ ಕೆನ್ನೆ ಬತ್ತಿತು. ನೀರಿಗೆ ಹೋದವಳು ಖಾಲಿ ಕೊಡ ಹೊತ್ತುಕೊಂಡು ಬಂದದ್ದೂ ಉಂಟು.

ನನ್ನಿಂದ ನೋಡಲಾಗಲಿಲ್ಲ. ಒಂದು ದಿನ ಅವಳು ಬಟ್ಟೆ ಒಗೆಯಲು ಹೊಳೆಗೆ ಹೋದಾಗ ನಾನು ಉಳಿ ತೆಗೆದುಕೊಂಡು ಬಾಗಿಲ ಮೇಲುಮರದ ಅಡಿಯನ್ನು ಒಂದು ಬೆರಳಿನಷ್ಟು ಕೆತ್ತಿದೆ. ಉಜ್ಜುಗೊರಡು ಹಾಕಿ ನುಣ್ಣಗೆ ಮಾಡಿದೆ, ಅರಿಸಿನ ಬಳಿದೆ, ಸಿಬಿರನ್ನೆಲ್ಲ ಗುಡಿಸಿ ಒಲೆಗೆ ಹಾಕಿದೆ. ದೊರೆಮೊಳಕ್ಕೆ ಉಳಿ ಹಾಕಿದವನ ಕೈ ಕತ್ತರಿಸುತ್ತಾರೆ. ನಮ್ಮ ಕುಲದಲ್ಲಿ ಹಾಗೆ ಮಾಡಿದವನು ನಾನೊಬ್ಬನೇ. ಅಕ್ಕ ಬಂದಳು, ನಿಂತಳು, ಬೆರಳಿಟ್ಟು ನೋಡಿದಳು. ಬಹಳ ಹೊತ್ತು ಮರವನ್ನೇ ನೋಡಿದಳು. "ಹೂಂ, ಬೆಳೆದವನೆ," ಅಂದು ನನ್ನ ಕೈಗೆ ಬೆಲ್ಲದ ಚೂರು ಕೊಟ್ಟಳು. ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡಳು. ನಾನು ಗೆದ್ದೆ ಅಂದುಕೊಂಡೆ.

ಅದಾಗಿ ಮತ್ತೊಂದು ಯುಗಾದಿ ಕಳೆದು, ರಾಗಿ ಬಿತ್ತುವ ಕಾಲದಲ್ಲಿ ಒಂದು ಬೆಳಗ್ಗೆ ಊರು ಮತ್ತೆ ಕಿರ್ ಅಂದಿತು. ಈ ಸಲ ಬಾಗಿಲುಗಳು ಎದ್ದವು. ಕಣ್ಣೆದುರಿಗೇ ಮನೆ ಉಸಿರು ತುಂಬಿಕೊಂಡಂತೆ ಅಗಲವಾಯಿತು. ಮಂಚ ಉದ್ದವಾಯಿತು, ಬೀದಿ ಬಿಡುವಾಯಿತು, ಹೊಲಗಳು ಸರಿದು ನಡುವಿನ ಹುಲ್ಲನ್ನು ನುಂಗಿದವು. ಗೀರುಗಳ ನಡುವೆ ಕೇತಪ್ಪ ಕೈ ಇಟ್ಟ, ಅವನ ಕೈಗಿಂತ ಎರಡು ಬೆರಳು ಹೆಚ್ಚಿತ್ತು. ಪೂರಾ ಬೆಳೆದ ಗಂಡಸಿನ ಕೈ. ಒಂದೇ ಬೆಳಗಿನಲ್ಲಿ ಯಾವ ಹುಡುಗನೂ ಅಷ್ಟು ಬೆಳೆಯುವುದಿಲ್ಲ. ಸಿಂಹಾಸನದಲ್ಲಿ ಈಗ ಬೇರೆ ಯಾರೋ ಕೂತಿದ್ದಾರೆ ಅಂತ ಎಲ್ಲರಿಗೂ ತಿಳಿಯಿತು.

ನಾನು ಮನೆಗೆ ಓಡಿಬಂದೆ. ಅಕ್ಕ ಬಾಗಿಲ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಮೇಲುಮರದ ಜೊತೆಗೆ ನಾನು ಉಳಿ ಹಾಕಿದ ಗಾಯವೂ ದೊಡ್ಡದಾಗಿ, ನುಣುಪಿನ ಕೆಳಗಿನ ಒಂದೊಂದು ಏಟೂ ಎದ್ದು ಕಾಣುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನನಗೆ ಅವತ್ತೇ ಗೊತ್ತಿತ್ತು ಕಣೋ," ಅಂದಳು ಅಕ್ಕ. "ಬಾಗಿಲು ಬೆಳೆದಿತ್ತು, ಮಣೆ ಬೆಳೆದಿರಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಸುಳ್ಳಾದರೂ ಆ ಮಾತು ಯಾರಾದರೂ ಹೇಳಬೇಕು ಅನ್ನಿಸಿತ್ತು. ನೀನು ಹೇಳಿದೆ." ಅಷ್ಟು ಹೇಳಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ವಾಸಿಯಿತ್ತು.

ನಲವತ್ತು ದಿನವಾದ ಮೇಲೆ ರಾಜಧಾನಿಯಿಂದ ಒಬ್ಬ ಹೆಗ್ಗಡೆ ಹತ್ತು ಕುದುರೆಯೊಂದಿಗೆ ಬಂದ. ಚಾವಡಿಯಲ್ಲಿ ಓಲೆ ಓದಿಸಿದ. ಬಾಲಚಕ್ರವರ್ತಿಗಳು ಜ್ವರದಿಂದ ದೈವಾಧೀನರಾದರು, ಅವರ ಚಿಕ್ಕಪ್ಪನವರು ಪಟ್ಟವೇರಿದರು. ತೀರಿಕೊಂಡವರಿಗೆ ಹೆತ್ತ ತಾಯಿ ಇಲ್ಲವಾದ್ದರಿಂದ ಹಾಲೂಡಿಸಿದ ಬಾಚವ್ವ ನಾಳೆ ಬೆಳಗ್ಗೆ ಊರ ಜನರೆದುರು ಹೊಳೆಗೆ ಹಾಲು ಬಿಡಬೇಕು. ಹಾಲು ಬಿಡುವುದೆಂದರೆ ನಮ್ಮಲ್ಲಿ ಸತ್ತವರ ಋಣ ಮುಗಿಸುವುದು. ಹಾಲು ಬಿಟ್ಟ ಮೇಲೆ ಸತ್ತವರು ಬದುಕಿದ್ದಾರೆ ಅಂತ ಯಾರೂ ಸೊಲ್ಲೆತ್ತುವಂತಿಲ್ಲ. ಅದಕ್ಕೇ ಇಷ್ಟು ದೂರ ಬಂದಿದ್ದಾನೆ ಅಂತ ಕೇತಪ್ಪ ನನ್ನ ಕಿವಿಯಲ್ಲಿ ಹೇಳಿದ. "ನಿಮ್ಮಕ್ಕ ಆಗೋದಿಲ್ಲ ಅಂದರೆ ಊರಿಗೆ ಬೆಂಕಿ ಬೀಳ್ತದೆ ಮಾದೋಜ. ಹೇಗಾದರೂ ಒಪ್ಪಿಸು."

ನಾನು ಮನೆಗೆ ಹೋಗಿ ಹೇಳಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕೂತದ್ದು ಅದೇ ಮಣೆಯ ಮೇಲೆ. "ಬದುಕಿರೋ ಮಗನಿಗೆ ಹಾಲು ಬಿಟ್ಟರೆ ನಾನೇ ಕೊಂದ ಹಾಗೆ," ಅಂದಳು. "ಬದುಕಿದ್ದಾನೆ ಅಂತ ನಿನಗೆ ಹೇಗೆ ಗೊತ್ತು?" ಅಂದೆ. ದನಿ ಜೋರಾಯಿತು, ಹೆದರಿಕೆಗೆ.

ಅವಳು ಎದ್ದು ನಿಂತು ಮಣೆಯನ್ನು ತೋರಿಸಿದಳು. ಆಗ ನನ್ನ ಕಣ್ಣಿಗೆ ಬಿತ್ತು. ಊರಿನ ಅಷ್ಟೂ ಮೊಳ ಚಿಕ್ಕಪ್ಪನ ಮೊಳವಾಗಿ ನಲವತ್ತು ದಿನವಾಗಿದೆ, ಈ ಮಣೆ ಮಾತ್ರ ಹುಡುಗನ ಅಳತೆಯಲ್ಲೇ ಕೂತಿದೆ. ಬಾಗಿಲು ಅಳೆದದ್ದು ಕೋಲಿನಿಂದ. ಕೋಲು ಸಿಂಹಾಸನದ್ದು, ಅಲ್ಲಿ ಯಾರು ಕೂತರೂ ಅವರದ್ದಾಗುತ್ತದೆ. ಮಣೆಯನ್ನು ಅಳೆದದ್ದು ಅವನ ಬರಿಗೈ. ಇಷ್ಟು ವರ್ಷ ಬಡಗಿಯಾಗಿದ್ದೂ ನನಗೆ ಅದು ಹೊಳೆದಿರಲಿಲ್ಲ. ನಾನು ಆ ಹಲಗೆಗೆ ಕೈ ಮುಗಿದೆ.

"ಆದರೆ ಎರಡು ಯುಗಾದಿಯಾಯಿತು, ಇದು ಬೆಳೆದೇ ಇಲ್ಲ," ಅಂದಳು ಅಕ್ಕ. "ಸತ್ತಿದ್ದರೂ ಹೀಗೇ ಇರ್ತದೇನೋ. ಪಟ್ಟ ಬದಲಾದ ಮೇಲೆ ನಾನು ದಾರ ಹಿಡಿದು ನೋಡಿಲ್ಲ. ಧೈರ್ಯ ಬಂದಿಲ್ಲ. ನೀನು ಅಳೆ."

"ನಾನಾ?"

"ನೀನೇ."

ದಾರ ತಂದುಕೊಟ್ಟಳು. ಗಂಟುಗಳು ಬೆವರಿಗೆ ಕಪ್ಪಾಗಿದ್ದವು. ನಾನು ಒಂದು ತುದಿಯನ್ನು ಮಣೆಯ ಅಂಚಿಗೆ ಹಿಡಿದು ಇನ್ನೊಂದು ಕೈಯಿಂದ ಎಳೆದೆ. ಸಾವಿರ ಹಲಗೆ ಅಳೆದವನು ಅವತ್ತು ಮೂರು ಸಲ ಬಿಟ್ಟು ಮೂರು ಸಲ ಹಿಡಿದೆ. ಕೊನೆಯ ಗಂಟು ಮಣೆಯ ತುದಿಗೆ ಮುಟ್ಟಲಿಲ್ಲ. ಒಂದು ಅಕ್ಕಿಕಾಳಿನಷ್ಟು ಮರ ಗಂಟಿನಾಚೆ ಉಳಿದಿತ್ತು.

ಬೆಳೆದಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಒಮ್ಮೆ ಇದೇ ಮಾತಿಗೆ ಉಳಿ ಹಾಕಿದವನು ನಾನು. ಅಕ್ಕ ನನ್ನ ಮುಖ ನೋಡಿದಳು. ಮೊರದಿಂದ ಒಂದು ಅಕ್ಕಿಕಾಳು ತೆಗೆದು ಗಂಟಿಗೂ ಅಂಚಿಗೂ ನಡುವೆ ತಾನೇ ಇಟ್ಟಳು. ಸರಿಯಾಗಿ ಕೂತಿತು. ಅವಳು ಮಣೆಯ ಮೇಲೆ ಕೆನ್ನೆಯಿಟ್ಟು ಮಲಗಿ, ಎಂಟು ವರ್ಷದ ಅಳುವನ್ನೆಲ್ಲ ಅತ್ತಳು. ನಾನೂ ಅತ್ತೆ. ಪಟ್ಟದಿಂದ ಇಳಿಸಿದ ಮೇಲೆ ಯಾರೋ ಪುಣ್ಯಾತ್ಮರು ಎಲ್ಲೋ ಆ ಹುಡುಗನಿಗೆ ಹೊಟ್ಟೆ ತುಂಬ ಅನ್ನ ಹಾಕುತ್ತಿದ್ದರು.

ಮರುದಿನ ಊರೆಲ್ಲ ಹೊಳೆದಂಡೆಯಲ್ಲಿ ಸೇರಿತು. ಅಕ್ಕ ತಲೆಸ್ನಾನ ಮಾಡಿ ಹಿತ್ತಾಳೆ ಚೊಂಬಿನಲ್ಲಿ ಹಾಲು ಹಿಡಿದು ಬಂದಳು. ಅವಳು ಏನು ಮಾಡುತ್ತಾಳೆ ಅಂತ ನನಗೂ ಹೇಳಿರಲಿಲ್ಲ.

"ಯಾರ ಹೆಸರಲ್ಲಿ ಬಿಡ್ತೀಯವ್ವ, ಎಲ್ಲರಿಗೂ ಕೇಳುವ ಹಾಗೆ ಹೇಳು," ಅಂದ ಹೆಗ್ಗಡೆ.

"ತೀರಿಹೋದ ಚಕ್ರವರ್ತಿಗಳ ಹೆಸರಲ್ಲಿ, ಬುದ್ಧಿ," ಅಂದು ಅಕ್ಕ ಚೊಂಬು ಬಗ್ಗಿಸಿದಳು. ಹಾಲು ನೀರಲ್ಲಿ ಬೆಳ್ಳಗೆ ಹರಡಿ ಕರಗಿತು. ಹೆಂಗಸರೆಲ್ಲ ಗೋಳೋ ಅಂದರು. ಕೇತಪ್ಪನ ಕಣ್ಣಲ್ಲೂ ನೀರಿತ್ತು. ಅಕ್ಕ ಒಬ್ಬಳೇ ನೆಟ್ಟಗೆ ನಿಂತಿದ್ದಳು. ವಾಪಸು ಬರುವಾಗ ನನಗೊಬ್ಬನಿಗೇ ಕೇಳುವಂತೆ, "ಸತ್ತದ್ದು ಚಕ್ರವರ್ತಿ ಕಣೋ. ನನ್ನ ಮರಿ ಬದುಕಿದ್ದಾನೆ. ಇನ್ನು ಅವನಿಗೊಬ್ಬಳು ತಾಯಿ ಇರಬಹುದು," ಅಂದಳು.

ಹೊರಡುವ ಮುಂಚೆ ಹೆಗ್ಗಡೆ ನಮ್ಮ ಮನೆಗೆ ಬಂದ, ಅರಮನೆಯ ಸೀರೆ ಕೊಡುವ ನೆಪದಲ್ಲಿ. ಅವನ ಕಣ್ಣು ಬಾಗಿಲು, ಮಂಚ, ಗೋಡೆಯ ನಾಗಂದಿಗೆ ಹಲಗೆ ಎಲ್ಲದರ ಮೇಲೂ ಓಡಾಡಿ ಮಣೆಯ ಮೇಲೆ ನಿಂತಿತು. ಬಂದವನು ಅಳತೆ ಬಲ್ಲವನು. "ಇದ್ಯಾವ ಅಳತೆ?" ಅಂದ. ಅಕ್ಕನ ಕೈಯಲ್ಲಿದ್ದ ನೀರಿನ ಲೋಟ ಹಾಗೇ ನಿಂತಿತು.

"ಕಣ್ಣಳತೆ, ಬುದ್ಧಿ," ಅಂದೆ ನಾನು. "ಕೆಲಸ ಕಲಿಯುವಾಗ ಮಾಡಿದ್ದು. ಕೋಲು ಹಿಡಿಯೋದು ಆಗಿನ್ನೂ ಬರ್ತಿರಲಿಲ್ಲ. ಒಲೆಗೆ ಹಾಕೋಣ ಅಂದರೆ ಇವಳು ಬಿಡೋದಿಲ್ಲ."

ಬಡಗಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಹೆಗ್ಗಡೆ ಹೊಟ್ಟೆ ಕುಣಿಸಿ ನಕ್ಕ, ಜೊತೆಗೆ ಬಂದ ಕುದುರೆಯವರೂ ನಕ್ಕರು. ಇವತ್ತಿಗೂ ಸುತ್ತಲ ಊರುಗಳಲ್ಲಿ ನನಗೆ ಕಣ್ಣಳತೆಯ ಮಾದೋಜ ಅಂತಲೇ ಹೆಸರು. ಅನ್ನಲಿ ಬಿಡಿ.

ಈಗ ಅದಕ್ಕೂ ಒಂಬತ್ತು ವರ್ಷವಾಯಿತು. ಮಣೆ ಆರು ವರ್ಷ ಬೆಳೆಯಿತು, ಒಂದೊಂದು ಯುಗಾದಿಗೂ ಎರಡು ಕಾಳು, ಮೂರು ಕಾಳು. ಆಮೇಲೆ ನಿಂತಿತು. ನಾನು ಹೆದರಿದರೆ ಅಕ್ಕ ನಕ್ಕಳು. "ಆಳಾದ ಕಣೋ. ಇನ್ನೆಷ್ಟು ಬೆಳೀಬೇಕು, ನಿನ್ನ ಕೈ ಇಟ್ಟು ನೋಡು," ಅಂದಳು. ಇಟ್ಟು ನೋಡಿದೆ. ನನಗಿಂತ ಒಂದು ಬೆರಳು ಉದ್ದ ಅವನು. ಎಲ್ಲಿದ್ದಾನೋ, ಏನು ಕೆಲಸ ಮಾಡಿಕೊಂಡಿದ್ದಾನೋ, ಅವನ ತೋಳು ಎಷ್ಟುದ್ದ ಅಂತ ಈ ಭೂಮಿಯ ಮೇಲೆ ಇನ್ನು ಯಾರಿಗೂ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ದಿನಾ ತೊಳೆದು ಒರೆಸುತ್ತೇವೆ.

ಆ ಮಣೆಯ ಮೇಲೆ ಈಗ ಇಬ್ಬರು ಆರಾಮಾಗಿ ಕೂರಬಹುದು. ಅಕ್ಕ ಒಂದು ಬದಿಗೆ ಸರಿದು ಕೂತು ಉಣ್ಣುತ್ತಾಳೆ.